ಹುಂಜದ ಪಾಲು

ಎರಡನೆಯ ಒದೆ ಪಕ್ಕೆಗೆ ಬಿತ್ತು. ಮಂಜ ಅಂಗಳದಲ್ಲಿ ಮಗುಚಿಕೊಂಡ. ಕಂಕುಳಲ್ಲಿ ಅವುಚಿ ಹಿಡಿದಿದ್ದ ಸತ್ತ ಹುಂಜವನ್ನು ಮಾತ್ರ ಬಿಡಲಿಲ್ಲ.

"ಮದ್ದ್ ಎಲ್ಲಿತ್ತ್?" ಬಚ್ಚ ಕೇಳಿದ.

ಸತ್ತದ್ದು ಬಚ್ಚನ ಹುಂಜ. ನಾವುಂದದ ಗದ್ದೆಯಲ್ಲಿ ನಡೆದ ಕೋಳಿಅಂಕದಲ್ಲಿ ಮಂಜನ ಹುಂಜ ಕಾಲಿಗೆ ಕಟ್ಟಿದ ಬಾಳುಕತ್ತಿಯಿಂದ ಅದರ ಕೊರಳು ಸೀಳಿತ್ತು. ಸೋತ ಹುಂಜ ಗೆದ್ದವನ ಮನೆಯ ಸಾರಿಗೆ; ಅದು ಅಂಕದ ರೂಢಿ. ಮಂಜ ಅಂಕಕ್ಕೆ ಹೋಗುತ್ತಿದ್ದದ್ದೇ ಆ ಸಾರಿಗಾಗಿ. ಮಗಳು ದೀಕ್ಷಾಳ ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಬಿಟ್ಟರೆ ಕಷ್ಟ ಎಂದು ಕುಂದಾಪುರದ ಡಾಕ್ಟರು ಹೇಳಿದ್ದರು.

ಮಳೆಗಾಲದವರೆಗೆ ಬಡಕಲಾಗಿದ್ದ ಮಂಜನ ಕೋಳಿ ಈಗ ಹೀಗೆ ಹಾರಿ ಹೊಡೆಯಬೇಕಾದರೆ ಏನೋ ತಿನ್ನಿಸಿದ್ದಾನೆ ಎಂಬುದು ಬಚ್ಚನ ಗುಮಾನಿ. ಮಂಜ ದೇವರಾಣೆ ಹಾಕಿದ. ಆಣೆ ಹಾಕಿದ ಬಾಯಿಗೇ ಬಚ್ಚ ಗುದ್ದಿದ. ಹಲ್ಲೊಂದು ಮಣ್ಣಿಗೆ ಬಿತ್ತು.

ಜಗಲಿಯಲ್ಲಿ ಗೆರಸಿ ಹಿಡಿದು ರೇಷನ್ ಅಕ್ಕಿ ಆರಿಸುತ್ತಿದ್ದ ಸುಗುಣ ಓಡಿಬಂದು ಗಂಡನಿಗೆ ಅಡ್ಡ ನಿಂತಳು. ಬಚ್ಚನ ತಮ್ಮ ವಿಶಾಲ್ ಅವಳನ್ನು ತಳ್ಳಿ ಒಳಗೆ ನುಗ್ಗಿದ. ಮಡಕೆ ಒಡೆದ, ಹಾಸಿಗೆ ಸೀಳಿದ. ಜಗಲಿಯ ಗೋಡೆಗೊರಗಿ ಕೂತಿದ್ದ ದೀಕ್ಷಾ ಅಳಲಿಲ್ಲ. ಅಳುವುದಕ್ಕೂ ಅವಳಿಗೆ ತ್ರಾಣ ಸಾಲದು.

ಕೋಳಿಗೂಡಿನ ಬದಿಯಲ್ಲಿ ಸಿಕ್ಕಿತು. ಒಂದು ತೆಂಗಿನ ಗೆರಟೆ, ಅದರ ತುಂಬ ಬಿಳಿಚಿದ ಕಾಳು. ಅಕ್ಕಿಯ ಆಕಾರ, ಆದರೆ ಅಕ್ಕಿಯಲ್ಲ. ವಿಶಾಲ್ ಒಂದನ್ನು ಕಲ್ಲಿನಿಂದ ಜಜ್ಜಿದ. ಮಾತ್ರೆಯ ಹಾಗೆ ಪುಡಿಯಾಯಿತು.

"ಇದೆಂತ ಮತ್ತೆ? ನಿನ್ನಜ್ಜನ ತಿಥಿ ಅಕ್ಕಿಯಾ?" ಬಚ್ಚ ಸೊಂಟದಿಂದ ತನ್ನ ಹುಂಜದ ಬಾಳುಕತ್ತಿ ತೆಗೆದ. ಅದರಲ್ಲಿ ಅಂಕದ ರಕ್ತ ಇನ್ನೂ ಒಣಗಿರಲಿಲ್ಲ.

"ಅದ್ ಕಸ, ಬಚ್ಚಣ್ಣ," ಮಂಜ ರಕ್ತ ಉಗುಳಿದ. "ಕಸ ಕೋಳಿಗ್ ಹಾಕುಕಾಗ್ದಾ?"

ಗಲಾಟೆ ಕೇಳಿ ಪಕ್ಕದ ಅಂಗನವಾಡಿಯಿಂದ ಪ್ರಭಾವತಿ ಟೀಚರು ಬಂದರು. ಬಚ್ಚ ಗೆರಟೆಯನ್ನು ಅವರ ಮುಖಕ್ಕೆ ಹಿಡಿದ.

"ನೀವೇ ಕಾಣಿ ಟೀಚರೇ. ಮದ್ದ್ ಹೌದಾ, ಅಲ್ದಾ?"

ಅವರು ಕಾಳನ್ನು ಬೆರಳಲ್ಲಿ ಉಜ್ಜಿದರು. ಸುಗುಣಳ ಕಡೆ ನೋಡಿದರು.

"ಮದ್ದೇ."

ಬಚ್ಚನ ಕತ್ತಿ ಮಂಜನ ಕೊರಳಿಗೆ ಒತ್ತಿತು.

"ಕೋಳಿಗಲ್ಲ. ಮಕ್ಳಿಗೆ."

ರಕ್ತ ಹೆಚ್ಚಲಿ ಎಂದೇ ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ವಿಟಮಿನ್ ಸೇರಿಸಿ ಮಾಡಿದ ಕಾಳು ಅದು. ರೇಷನ್ ಅಕ್ಕಿಗೆ ಬೆರೆಸಿ ಕೊಡುತ್ತಾರೆ. ಹೆಕ್ಕಿ ಬಿಸಾಡಬೇಡಿ ಎಂದು ಟೀಚರು ಮನೆಮನೆಗೂ ಹೇಳಿಹೋಗಿದ್ದರು. ಎಲ್ಲರೂ ತಲೆಯಾಡಿಸಿದ್ದರು.

ಬಚ್ಚನ ಕತ್ತಿ ಕೆಳಗಿಳಿಯಿತು. ಮಂಜನ ಕಂಕುಳಿಂದ ಸತ್ತ ಹುಂಜ ಜಾರಿತು. ಅವನು ಬಚ್ಚನ ಕೈಯಿಂದ ಗೆರಟೆ ತೆಗೆದುಕೊಂಡು, ತೆವಳುತ್ತ ಜಗಲಿ ಹತ್ತಿ, ಅದರ ಕಾಳನ್ನೆಲ್ಲ ಗೆರಸಿಯ ಅಕ್ಕಿಗೆ ಸುರಿದ. ಒಡೆದ ತುಟಿಯಲ್ಲೇ ಮಗಳಿಗೆ ಹೇಳಿದ, "ಇವತ್ತ್ ಗಂಜಿಗ್ ಇದನ್ನೂ ಹಾಕ್ವ, ಮಗಾ."

ದೀಕ್ಷಾ ಗೆರಸಿಯನ್ನು ಹತ್ತಿರ ಎಳೆದುಕೊಂಡಳು. ಅಮ್ಮ ಕಲಿಸಿದ ಹಾಗೆಯೇ, ಬಿಳಿಚಿದ ಬೆರಳುಗಳಿಂದ, ಕಾಳುಗಳನ್ನು ಹೆಕ್ಕಿ ಹೆಕ್ಕಿ ಮತ್ತೆ ಗೆರಟೆಗೆ ಹಾಕತೊಡಗಿದಳು.

"ನಂಗ್ ಬ್ಯಾಡ. ಪ್ಲಾಸ್ಟಿಕ್ ಅದ್. ನಮ್ ಹುಂಜಕ್ಕೆ ಹಾಕ್."