ಸಮುದ್ರದ ಕಡೆಯ ಕೋಣೆ

“ದೋಣೀಲಿ ಎಡಗಡೆ ಕೂತ್ಕೊಳ್ಳಿ. ಬಲಗಡೆ ಕೂತ್ರೆ ದ್ವೀಪ ಮುಟ್ಟೋದ್ರೊಳಗೆ ತೊಯ್ದು ತೊಪ್ಪೆ ಆಗ್ತೀರಿ,” ಎಂದಳು ಲಾಡ್ಜಿನ ಯಜಮಾನಿ ಫೋನಿನಲ್ಲಿ. ಇದೇ ಮಾತನ್ನು ಇದೇ ದನಿಗೆ ಹೋದ ವರ್ಷವೂ ಹೇಳಿದ್ದಳು. ಗಾಳಿ ಇಳಿದ ಮೇಲೆ ಬನ್ನಿ, ಹವಳದ ಕಲ್ಲು ಕಾಲು ಕೊಯ್ಯುತ್ತದೆ, ಗಟ್ಟಿ ಚಪ್ಪಲಿ ತನ್ನಿ ಎಂದೂ ಹೇಳಿಯಾಗಿತ್ತು. ಫೋನಿನ ಆ ಕಡೆಯಿದ್ದ ಆತ ಪ್ರತಿಸಲವೂ ಹೊಸದಾಗಿ ಕೇಳುವವನಂತೆ ಹೂಂಗುಟ್ಟುತ್ತಿದ್ದ.

ಅವಳ ಎದುರಿನ ಗೋಡೆಯ ಮೊಳೆಗಳಲ್ಲಿ ಬೀಗದ ಕೈಗಳು ನೇತಾಡುತ್ತಿದ್ದವು. ಯಾರಾದರೂ ಕೋಣೆ ಕಾದಿರಿಸಿದರೆ ಅದರ ಕೀಲಿಯ ಮರದ ಬಿಲ್ಲೆಯನ್ನು ಗೋಡೆಗೆ ಮುಖಮಾಡಿ ತಿರುಗಿಸಿಡುವುದು ಅವಳ ರೂಢಿ. ಗಾಳಿಯ ತಿಂಗಳು, ಒಂದೂ ತಿರುಗಿರಲಿಲ್ಲ.

“ಒಬ್ನೇ ಬಂದ್ರೆ ಬೇಜಾರಾಗುತ್ತಾ?” ಎಂದ ಆತ.

“ಬೇಜಾರು ಇಲ್ಲೇ ಬೇಕಾದಷ್ಟಿದೆ. ಅದೊಂದನ್ನ ನೀವು ಹೊತ್ಕೊಂಡು ಬರೋದು ಬೇಡ.”

ಆತ ನಕ್ಕ. ಆ ನಗುವಿನ ಹಿಂದೆಯೇ ಅವನ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು: “ಅಪ್ಪಾ, ಪಾಪ ಅವ್ರಿಗೆ ಯಾಕೆ ಸುಮ್ನೆ ಆಸೆ ತೋರಿಸ್ತೀರಿ? ಹಾಸಿಗೆಯಿಂದ ಏಳೋಕಾಗಲ್ಲ, ದೋಣಿ ಹತ್ತೋದುಂಟಾ?”

ಲಾಡ್ಜಿನ ಕಿಟಕಿಯ ಬಾಗಿಲೊಂದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಆತ ದನಿ ತಗ್ಗಿಸಿ ಕೇಳಿದ: “ಯಾವ ಕಡೆ ಅಂದ್ರಿ, ಬಲಗಡೆನಾ?”

“ಎಡಗಡೆ,” ಎಂದಳು. “ಮರೆತ್ರೆ ನಾಳೆ ಮತ್ತೆ ಕೇಳಿ.”

ಫೋನಿಟ್ಟು ಎದ್ದು ಹೋದವಳು, ಸಮುದ್ರದ ಕಡೆಯ ಕೋಣೆಯ ಬಿಲ್ಲೆಯನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟಳು.