ಫೋನಿನ ಬೆನ್ನ ಮೇಲಿನ ಗುಂಡಿ

ಮತ್ತೆ ಮುಖ್ಯಸ್ಥರಾಗಿ ಬಂದ ಮೊದಲ ದಿನವೇ ಅವರು ಕಂಪನಿಯ ಹೊಸ ಫೋನನ್ನು ಕೈಗೆತ್ತಿಕೊಂಡು, ಸಭೆಯಲ್ಲಿ ಎಲ್ಲರೆದುರು ಕಣ್ಣು ಮುಚ್ಚಿದರು. ಅವರ ಬೆರಳು ಫೋನಿನ ನುಣುಪಾದ ಬೆನ್ನ ಮೇಲೆ ಏನನ್ನೋ ತಡಕಾಡಿತು.

"ಇಲ್ಲೊಂದು ಗುಂಡಿ ಇತ್ತಲ್ಲಮ್ಮಾ?"

ಕೇಳಿದ್ದು ಎದುರಿಗೆ ಕೂತಿದ್ದ ಇಂಜಿನಿಯರನ್ನು. ಕಣ್ಣು ಮಂಜಾದವರು ಒಮ್ಮೆ ಒತ್ತಿದರೆ ಮನೆಯವರಿಗೆ ಕರೆ ಹೋಗಲೆಂದು ಅವಳೇ ಮಾಡಿದ ಗುಂಡಿ ಅದು. "ನೀವೇ ತೆಗೆಸಿದ್ರಿ ಸಾರ್, ಅಂದ ಕೆಡುತ್ತೆ ಅಂತ." ಯಾರೋ ಕೆಮ್ಮಿದರು. ಇವಳ ಕಥೆ ಮುಗಿಯಿತು ಎಂಬಂತೆ ಪಕ್ಕದವನು ತಲೆ ತಗ್ಗಿಸಿದ.

"ಹೌದು, ನಾನೇ. ಆಮೇಲೆ ನನ್ನನ್ನ ಕುರ್ಚಿಯಿಂದ ಇಳಿಸಿ ಗಿರಾಕಿಗಳ ದೂರು ಕೇಳೋಕೆ ಕೂರಿಸಿದ್ರಲ್ಲ, ಆಗ ಒಬ್ರು ಅಜ್ಜಿ ವಾರಾವಾರಾ ಫೋನ್ ಮಾಡೋರು. 'ನನ್ನ ಗುಂಡಿ ಎಲ್ಲಿ ಹೋಯ್ತಪ್ಪಾ?' ಅಂತ. ಒಂದಿನಾನೂ ಬೈಲಿಲ್ಲ. 'ನಿಂದು ಊಟ ಆಯ್ತಾ?' ಅಂತ ಕೇಳೇ ಫೋನ್ ಇಡೋರು."

ಅವರು ಕಡತದಿಂದ ಗುಂಡಿ ತೆಗೆಸಿದ ಹಳೆಯ ಆದೇಶವನ್ನು ಹೊರತೆಗೆದು, ತಮ್ಮದೇ ಸಹಿಯ ಮೇಲೆ ನಿಧಾನವಾಗಿ ಕಾಟು ಹೊಡೆದರು. ಹದಿನೆಂಟು ವರ್ಷದ ಕೆಲಸದಲ್ಲಿ ಇಂಜಿನಿಯರ್ ಐದು ಮುಖ್ಯಸ್ಥರನ್ನು ಕಂಡಿದ್ದಳು. ಬಂದವರೆಲ್ಲ ಹಿಂದಿನವರ ಸಹಿಗೆ ಕಾಟು ಹೊಡೆದವರೇ. ತಮ್ಮದಕ್ಕೇ ಹೊಡೆದುಕೊಂಡವರನ್ನು ಕಂಡದ್ದು ಇವತ್ತೇ. ತನಗೇ ಅರಿವಿಲ್ಲದಂತೆ ಅವಳು ಎದ್ದು ನಿಂತಿದ್ದಳು.