ಎದುರು ಟ್ಯೂಬಿನ ತೂಕ

ಸುಟ್ಟ ರಬ್ಬರಿನ ವಾಸನೆ. ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಜಾರಿದಾಗ ಬರುತ್ತಿದ್ದದ್ದು ಇದೇ. ಆಗ ಮಕ್ಕಳೆಲ್ಲ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಅಕ್ಕ ಈಗಲೂ ಹಿಂದಕ್ಕೆ ಸರಿದರು.

"ಹೊಸ ಮೆಷಿನ್ ಅಲ್ವಾ ಮೇಡಂ, ಮೊದಮೊದಲು ಹಾಗೇ," ಎಂದ ಮಾರಾಟದವನು.

ಲ್ಯಾಬಿನಲ್ಲಿ ಎಲ್ಲರಿಗೂ ಅವರು ಅಕ್ಕ. ಮಾರಾಟದವನು ತಂದ, ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಎರಡು ಸೆಂಟ್ರಿಫ್ಯೂಜ್‌ಗಳಲ್ಲಿ ಒಂದನ್ನು ಇವತ್ತೇ ಆರಿಸಬೇಕಿತ್ತು. ಹಳೆಯದು ಒಡೆದ ದಿನ ಅದರೊಳಗೆ ತಿರುಗುವ ರೋಟರ್ ಮುಚ್ಚಳ ಸೀಳಿಕೊಂಡು ಹಾರಿ ಫ್ರೀಜರಿಗೆ ಬಡಿದಿತ್ತು. ದೊಡ್ಡ ಡಾಕ್ಟರರು ವರ್ಷಗಟ್ಟಲೆ ಕೂಡಿಟ್ಟ ರಕ್ತದ ಮಾದರಿಗಳು ಮಣ್ಣುಪಾಲಾಗಿದ್ದವು.

ತಪ್ಪು ಲ್ಯಾಬಿನ ಕಿರಿಯ ಹುಡುಗಿಯದು. ಎದುರುಬದುರು ಕೂರಿಸುವ ಟ್ಯೂಬುಗಳ ತೂಕ ಒಂದೇ ಇರಬೇಕು. ಅವಳು ತೂಗದೆ, ಮಟ್ಟ ಸರಿಯಿದೆಯೆಂದು ಕಣ್ಣಂದಾಜಿನಲ್ಲೇ ಇಟ್ಟಿದ್ದಳು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಭಾರದ ಸಕ್ಕರೆ ದ್ರಾವಣ.

ಅಂದಿನಿಂದ ಅವಳ ಮಾತು ಬಂದರೆ ಎಲ್ಲರೂ ಗಪ್‌ಚುಪ್. ಆದರೆ ಅಕ್ಕನಿಗೆ ಅವಳು ಕಾಣುತ್ತಿದ್ದಳು. ಕಿಟಕಿಯ ಬಳಿ, ಬಿಳಿ ಕೋಟಿನಲ್ಲಿ, ತುಟಿ ಬಿಗಿದು. ಅಕ್ಕ ಕಣ್ಣು ತಗ್ಗಿಸಿ ದಾಟಿ ಹೋಗುತ್ತಿದ್ದರು.

"ಮೊದಲನೇದೇ ಇರಲಿ, ಬೇಗ ತಿರುಗತ್ತೆ," ಎಂದರು ಡಾಕ್ಟರರು. "ಕಳಕೊಂಡಿದ್ದನ್ನೆಲ್ಲ ಮತ್ತೆ ಕಟ್ಟಬೇಕಲ್ಲ."

ಮಾರಾಟದವನು ಟೀ ಹಂಚಿದ. ಒಂದು ಲೋಟ ಮಿಕ್ಕಿತು. "ಕಿಟಕಿ ಹತ್ರ ಇದ್ದಾರಲ್ಲ, ಅವರಿಗೆ?"

ಕೋಣೆ ತಣ್ಣಗಾಯಿತು.

"ಅಲ್ಲಿ ಯಾರೂ ಇಲ್ಲ," ಎಂದರು ಡಾಕ್ಟರರು, ಆ ಕಡೆ ತಿರುಗದೆ.

ಅವನು ಆ ಲೋಟವನ್ನು ಮೇಜಿನ ಮೇಲೇ ಇಟ್ಟ.

ಅಕ್ಕನ ಬೆನ್ನ ಹಿಂದೆ, ಕಿಟಕಿಯ ಕಡೆಯಿಂದ, ಉಸಿರಿನಷ್ಟೇ ದನಿ. "ಅಕ್ಕಾ, ನನ್ನ ತಪ್ಪನ್ನೇ ಮಾಡಿ ನೋಡಿ."

ಅಕ್ಕ ತಿರುಗಲಿಲ್ಲ. ಒಂದು ಟ್ಯೂಬಿಗೆ ನೀರು ತುಂಬಿದರು, ಎದುರಿನದಕ್ಕೆ ಸಕ್ಕರೆ ದ್ರಾವಣ.

"ಅಯ್ಯೋ ಮೇಡಂ, ಹಾಗೆಲ್ಲ ಹಾಕಬಾರದು!"

"ನಿಧಾನಕ್ಕೇ ತಿರುಗಿಸ್ತೀನಿ ಬಿಡಪ್ಪ. ನಿನ್ನ ಮೆಷಿನ್ ಮೇಲೆ ನಿನಗೇ ನಂಬಿಕೆ ಇಲ್ವಾ?"

ಮೊದಲನೇ ಮೆಷಿನ್ ಮೇಜನ್ನೇ ಕುಣಿಸಿತು. ಕುಣಿಸುತ್ತಲೇ ಇತ್ತು. ಅಕ್ಕ ಪ್ಲಗ್ ಕಿತ್ತರು. ಎರಡನೆಯದು ಒಮ್ಮೆ ನಡುಗಿ, ಕೆಂಪು ದೀಪ ಹೊತ್ತಿಸಿ, ತಾನಾಗಿ ನಿಂತಿತು.

"ಇದು," ಎಂದರು ಅಕ್ಕ. "ಇನ್ನೊಬ್ಬರನ್ನ ಕಳಕೊಳ್ಳೋದು ನನ್ನಿಂದ ಆಗಲ್ಲ."

ಡಾಕ್ಟರರು ಬಗ್ಗಿ ಕೆಂಪು ದೀಪವನ್ನು ನೋಡಿದರು. "ಆಯ್ತು," ಎಂದು ಹೊರನಡೆದರು. ಉಳಿದವರೂ ಊಟಕ್ಕೆ ಹೊರಟರು.

ಕಿಟಕಿಯ ಬಳಿ ಅವಳು ಇನ್ನೂ ಇದ್ದಳು. ಅಕ್ಕ ಮೊದಲ ಬಾರಿ ನೇರವಾಗಿ ನೋಡಿದರು. ಕೆನ್ನೆ ಒಳಸೇರಿತ್ತು.

"ಊಟ ಆಯ್ತೇನೇ?"

ಹುಡುಗಿ ತಲೆಯೆತ್ತಿದಳು. "ನನ್ನನ್ನಾ ಅಕ್ಕಾ, ಕೇಳಿದ್ದು?"

ಹಳೆಯ ಮೆಷಿನ್ ಒಡೆದ ದಿನ ಯಾರೂ ಸತ್ತಿರಲಿಲ್ಲ. ಮರುದಿನದಿಂದಲೂ ತಪ್ಪದೆ ಕೆಲಸಕ್ಕೆ ಬರುತ್ತಿದ್ದವಳನ್ನು ಸತ್ತವಳಂತೆ ದಾಟಿ ಹೋದವರಲ್ಲಿ ಒಬ್ಬರಾದ ಅಕ್ಕ, ತಮ್ಮ ಊಟದ ಡಬ್ಬಿಯನ್ನು ಅವಳ ಕೈಗಿತ್ತರು.